ಎಂಜಿನ್ ಬದಲಾಯ್ತು, ಗಾಡಿ ಕದಲ್ತಿಲ್ಲ: ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ದೋಷ ಹುಡುಕೋದು ಹೇಗೆ?

ಓವರ್‌ಹೀಟ್ ಆಗಿ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ ಅಂತಿಟ್ಟುಕೊಳ್ಳಿ. ರಿಪೇರಿಗಿಂತ ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸೋದೇ ಅಗ್ಗ ಅಂತ ಲೆಕ್ಕ ಹಾಕಿ, ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯಿಂದಲೋ ಗುಜರಿಯಿಂದಲೋ ಒಂದು ಎಂಜಿನ್ ತಂದು ಕೂರಿಸ್ತಾರೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತೆ, ಎಲ್ಲರಿಗೂ ಖುಷಿ. ಲಿವರ್‌ನ 'ಡಿ'ಗೆ ಹಾಕಿದ್ರೆ ಗಾಡಿ ನಿಂತಲ್ಲೇ ನಿಂತಿದೆ. ಇಲ್ಲಾ ಹೊರಡುತ್ತೆ, ಆದ್ರೆ ಎತ್ತಿನಗಾಡಿ ಥರ. ಒಂದೇ ಗೇರ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಆಮೇಲೆ ಬರೋ ಮಾತು ಸಾಮಾನ್ಯವಾಗಿ ಒಂದೇ: "ಗೇರ್‌ಬಾಕ್ಸ್ ಹೋಗಿದೆ ಸಾರ್, ಬಿಚ್ಚಬೇಕು."

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಓವರ್‌ಹಾಲ್ ಬಿಲ್ ಕೆಲವೊಮ್ಮೆ ಆಗತಾನೇ ಹಾಕಿಸಿದ ಎಂಜಿನ್ನಿನ ಬಿಲ್ಲನ್ನೂ ಮೀರಿಸುತ್ತೆ. ಹಾಗಾಗಿ ಬಿಚ್ಚೋಕೆ ಮುಂಚೆ ಏನೇನು ನೋಡ್ಬೇಕು ಅನ್ನೋದೇ ಈ ಲೇಖನ. ಎಂಜಿನ್ ಬದಲಾಯಿಸಿದ ಮೇಲೆ ಕಾಣಿಸ್ಕೊಳ್ಳೋ ಗೇರ್‌ಬಾಕ್ಸ್ ದೋಷಗಳಲ್ಲಿ ಬಹಳಷ್ಟು ಗೇರ್‌ಬಾಕ್ಸ್‌ನ ಒಳಗೆ ಇರೋದೇ ಇಲ್ಲ. ನಿನ್ನೆವರೆಗೆ ಸರಿಯಾಗಿ ಓಡ್ತಿದ್ದ ಬಾಕ್ಸ್ ಇವತ್ತು ತನ್ನಷ್ಟಕ್ಕೆ ತಾನೇ ಕೆಡೋದು ಅಪರೂಪ. ಕೈ ಎಲ್ಲೆಲ್ಲಿ ಆಡಿದೆಯೋ ಅಲ್ಲಿ ಹುಡುಕ್ಬೇಕು. ಎಂಜಿನ್‌ಗೂ ಬಾಕ್ಸ್‌ಗೂ ನಡುವೆ ಇರೋ ಸಂಬಂಧ ನಾಲ್ಕು ಥರ: ಕಬ್ಬಿಣದ್ದು, ಆಯಿಲ್‌ದು, ಕೇಬಲ್-ಹೋಸ್‌ದು, ಕರೆಂಟ್‌ದು. ಎಂಜಿನ್ ಇಳಿಸಿದಾಗ ಈ ನಾಲ್ಕೂ ಕಡಿದು ಹೋಗಿರುತ್ತೆ, ಏರಿಸಿದಾಗ ನಾಲ್ಕೂ ಸರಿಯಾಗಿ ಕೂಡ್ಬೇಕು.

ಇಲ್ಲಿ ಹೇಳ್ತಿರೋದು ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್ ಬಗ್ಗೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಬೇರೆ ಜಾತಿ. ಅದು ಮಾಮೂಲಿ ಮ್ಯಾನ್ಯುವಲ್ ಬಾಕ್ಸ್. ಕ್ಲಚ್ಚನ್ನೂ ಗೇರನ್ನೂ ಕಾಲು-ಕೈ ಬದಲು ಆಕ್ಚುಯೇಟರ್ ನಡೆಸುತ್ತೆ, ಅಷ್ಟೇ.

ಕನ್ವರ್ಟರ್ ಪೂರ್ತಿ ಕೂತಿದೆಯಾ?

ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ ಅಂದ್ರೆ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಯಾಕಂದ್ರೆ ಚೆನ್ನಾಗಿದ್ದ ಬಾಕ್ಸ್ ನಿಜವಾಗ್ಲೂ ಹಾಳಾಗೋದು ಇಲ್ಲೇ.

ಟಾರ್ಕ್ ಕನ್ವರ್ಟರ್ ಅಂದ್ರೆ ಆಯಿಲ್ ತುಂಬಿದ ದೊಡ್ಡ ಡೋನಟ್. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಗೊತ್ತು: ಇಂಪೆಲ್ಲರ್ ಆಯಿಲನ್ನ ಎಸೆಯುತ್ತೆ, ಟರ್ಬೈನ್ ಹಿಡಿಯುತ್ತೆ, ನಡುವಿನ ಸ್ಟೇಟರ್ ಅದನ್ನ ತಿರುಗಿಸಿ ಕಳಿಸುತ್ತೆ. ಜರ್ಮನಿಯ ಹರ್ಮನ್ ಫಾಟಿಂಗರ್ ಈ ತತ್ವಕ್ಕೆ ಪೇಟೆಂಟ್ ತಗೊಂಡಿದ್ದು 1905ರಲ್ಲಿ, ಕಾರಿಗಲ್ಲ, ಹಡಗಿಗೆ. ನಮ್ಮ ಸಿಲಬಸ್‌ನಲ್ಲಿ ಈ ಮೂರು ಚಕ್ರಗಳ ಚಿತ್ರ ಇದೆ. ಚಿತ್ರದಲ್ಲಿ ಇಲ್ಲದ್ದು ಒಂದಿದೆ, ಅದು ಹಬ್ಬು. ಕನ್ವರ್ಟರಿನ ಹಿಂದೆ ಇರೋ ಈ ಕೊಳವೆಯಾಕಾರದ ಹಬ್ಬು ಗೇರ್‌ಬಾಕ್ಸ್ ಒಳಗಿನ ಆಯಿಲ್ ಪಂಪನ್ನ ತಿರುಗಿಸುತ್ತೆ. ಅಂದ್ರೆ ಎಂಜಿನ್ ತಿರುಗಿದ್ರೆ ಮಾತ್ರ ಪಂಪ್. ಪಂಪ್ ಇಲ್ಲದೆ ಪ್ರೆಶರ್ ಇಲ್ಲ, ಪ್ರೆಶರ್ ಇಲ್ಲದೆ ಯಾವ ಕ್ಲಚ್ಚೂ ಹಿಡಿಯಲ್ಲ.

ಕನ್ವರ್ಟರ್ ಬಾಕ್ಸ್ ಒಳಗೆ ಕೂರೋದು ಮೂರು ಮೆಟ್ಟಿಲಲ್ಲಿ. ಟರ್ಬೈನಿನ ಸ್ಪ್ಲೈನ್ ಇನ್‌ಪುಟ್ ಶಾಫ್ಟ್ ಮೇಲೆ ಕೂರ್ಬೇಕು. ಸ್ಟೇಟರಿನ ಸ್ಪ್ಲೈನ್ ತಿರುಗದ ಸಪೋರ್ಟ್ ಶಾಫ್ಟ್ ಮೇಲೆ ಕೂರ್ಬೇಕು. ಕೊನೆಗೆ ಹಬ್ಬಿನ ತುದಿಯ ಕಚ್ಚು ಪಂಪಿನ ಒಳಗೇರಿನ ಹಲ್ಲಿಗೆ ಸಿಗ್ಬೇಕು. ಕನ್ವರ್ಟರನ್ನ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಹೋದ್ರೆ 'ಟಕ್' ಅಂತ ಒಳಗೆ ಜಾರೋದು ಕೈಗೆ ಗೊತ್ತಾಗುತ್ತೆ. ಎರಡು ಟಕ್ ಆದ ಮೇಲೆ "ಆಯ್ತು, ಕೂತ್ಕೊಂಡ್ತು" ಅನ್ನಿಸುತ್ತೆ. ಆಗಿರಲ್ಲ. ಮೂರನೆಯದು ಬಾಕಿ ಇರುತ್ತೆ.

ಹಳೇ ಎಂಜಿನ್ ಎಳೆದಾಗ ಕನ್ವರ್ಟರ್ ಅದರ ಜೊತೆ ಒಂದಿಷ್ಟು ಮುಂದಕ್ಕೆ ಜರುಗಿಬಿಡುತ್ತೆ, ಯಾರೂ ಗಮನಿಸಲ್ಲ. ಹೊಸ ಎಂಜಿನ್ ತಂದಾಗ ಬೆಲ್ ಹೌಸಿಂಗಿಗೂ ಬ್ಲಾಕಿಗೂ ನಡುವೆ ಒಂದು ಸೆಂಟಿಮೀಟರ್ ಸಂದು ಉಳಿಯುತ್ತೆ. "ಬೋಲ್ಟ್ ಟೈಟ್ ಮಾಡಿ, ಎಳ್ಕೊಳ್ಳುತ್ತೆ." ಆ ಗಾಡಿಯ ಪಾಲಿಗೆ ಅಲ್ಲಿಗೆ ಮುಗೀತು.

ಎಷ್ಟು ಬಲ ಬೀಳುತ್ತೆ ಅಂತ ಲೆಕ್ಕ ಮಾಡಿ ನೋಡಿ. 10 ಮಿ.ಮೀ. ಬೋಲ್ಟನ್ನ 40 ನ್ಯೂಟನ್-ಮೀಟರ್ ಟಾರ್ಕಿಗೆ ಬಿಗಿದ್ರೆ, ನಟ್ ಫ್ಯಾಕ್ಟರ್ 0.2 ಹಿಡಿದರೆ, ಎಳೆತ = 40 ÷ (0.2 × 0.010) = 20,000 ನ್ಯೂಟನ್. ಒಂದೇ ಬೋಲ್ಟು, ಎರಡು ಟನ್ ಭಾರ! ಕಚ್ಚಿಗೆ ಸಿಗದೆ ಎದುರಾಬದುರಾ ನಿಂತಿರೋ ಹಬ್ಬು ಆ ಭಾರವನ್ನೆಲ್ಲಾ ಪಂಪಿನ ಗೇರ್ ಮೇಲೆ ಹಾಕುತ್ತೆ. ಗೇರ್ ಒಡೆಯುತ್ತೆ, ಇಲ್ಲಾ ಪಂಪ್ ಬಾಡಿ ಬಿರುಕು ಬಿಡುತ್ತೆ. ಬೋಲ್ಟ್ ಬಿಗಿಯೋವಾಗ್ಲೇ ಒಡೆಯದಿದ್ರೆ ಮೊದಲ ಸ್ಟಾರ್ಟಿನಲ್ಲಿ ಒಡೆಯುತ್ತೆ.

ಆದ್ದರಿಂದ ಕ್ರಮ ಹೀಗಿರಲಿ. ಎಂಜಿನ್ ಕೂಡಿಸೋಕೆ ಮುಂಚೆ ಬೆಲ್ ಹೌಸಿಂಗಿನ ಮುಖಕ್ಕೆ ಅಡ್ಡವಾಗಿ ಸ್ಟೀಲ್ ಸ್ಕೇಲ್ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟ್ ಕೂರೋ ಜಾಗದವರೆಗೆ ಆಳ ಅಳೆದು ಸರ್ವೀಸ್ ಮ್ಯಾನ್ಯುವಲ್ ಜೊತೆ ಹೋಲಿಸ್ಬೇಕು. ಎಂಜಿನ್ ಬಂದಾಗ ಎರಡು ಮುಖಗಳೂ ಡವೆಲ್ ಪಿನ್ ಮೇಲೆ ಬೋಲ್ಟಿನ ಸಹಾಯ ಇಲ್ಲದೆ, ಕೈಬಲದಲ್ಲೇ ಕೂಡ್ಬೇಕು. ಹೌಸಿಂಗ್ ಬೋಲ್ಟ್ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗ್ಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಒಂದಿಷ್ಟು ಸಂದು ಉಳೀಬೇಕು. ಜನರಲ್ ಮೋಟಾರ್ಸ್‌ನ ಹಳೇ ಬಾಕ್ಸ್‌ಗಳಿಗೆ ಈ ಸಂದು ಸುಮಾರು 3ರಿಂದ 5 ಮಿ.ಮೀ. ಸಂದೇ ಇಲ್ಲ ಅಂದ್ರೆ ಹಬ್ಬು ಕೂತಿಲ್ಲ, ಅಲ್ಲೇ ನಿಲ್ಲಿಸಿ. ತೀರಾ ಜಾಸ್ತಿ ಇದ್ರೂ ತೊಂದರೆನೇ. ಕನ್ವರ್ಟರನ್ನ ಮುಂದಕ್ಕೆ ಎಳೆದು ಬಿಗಿದಾಗ ಹಬ್ಬು ಪಂಪಿನ ಹಲ್ಲಿಗೆ ತುದಿಯಲ್ಲಷ್ಟೇ ಸಿಕ್ಕಿರುತ್ತೆ. ಆ ಬೋಲ್ಟುಗಳೂ ಹಳೇ ಬೋಲ್ಟುಗಳೇ ಆಗಿರಲಿ. ಕೈಗೆ ಸಿಕ್ಕ ಉದ್ದದ ಬೋಲ್ಟ್ ಹಾಕಿದ್ರೆ ಅದರ ತುದಿ ಕನ್ವರ್ಟರಿನ ಮುಂಗವಚವನ್ನ ಒಳಕ್ಕೆ ಉಬ್ಬಿಸುತ್ತೆ. ಲಾಕಪ್ ಕ್ಲಚ್ ಉಜ್ಜೋ ಜಾಗ ಅದೇ.

ಕೆಲಸ ಈಗಾಗಲೇ ಮುಗಿದಿದೆ, ಗಾಡಿ ಕದಲ್ತಿಲ್ಲ. ಪಂಪ್ ಬದುಕಿದೆಯಾ ಅಂತ ಬಿಚ್ಚದೆ ತಿಳಿಯೋದು ಹೇಗೆ? ಡಿಪ್‌ಸ್ಟಿಕ್ ಇರೋ ಗಾಡಿ ಆದ್ರೆ ಸುಲಭ. ಎಂಜಿನ್ ಆಫ್ ಇದ್ದಾಗ ಆಯಿಲ್ ಮಟ್ಟ ನೋಡಿ, ಸ್ಟಾರ್ಟ್ ಮಾಡಿ ಮತ್ತೆ ನೋಡಿ. ಪಂಪ್ ಕೆಲಸ ಮಾಡ್ತಿದ್ರೆ ಅದು ತಳದ ಆಯಿಲನ್ನ ಕನ್ವರ್ಟರಿಗೂ ಕೂಲರಿಗೂ ತುಂಬುತ್ತೆ, ಮಟ್ಟ ಇಳಿಯುತ್ತೆ. ಮಟ್ಟ ಅಲುಗಾಡಲೇ ಇಲ್ಲ ಅಂದ್ರೆ ಪಂಪ್ ತಿರುಗ್ತಿಲ್ಲ. ಡಿಪ್‌ಸ್ಟಿಕ್ ಇಲ್ಲದ ಗಾಡಿಗೆ ಕೂಲರ್‌ನಿಂದ ವಾಪಸ್ ಬರೋ ಪೈಪನ್ನ ಬಿಡಿಸಿ ಡಬ್ಬಕ್ಕೆ ಬಿಟ್ಟು, ಐಡ್ಲಿಂಗ್‌ನಲ್ಲಿ 20 ಸೆಕೆಂಡ್ ಓಡಿಸಿ ನಿಲ್ಲಿಸಿ. ಬಹಳಷ್ಟು ಬಾಕ್ಸ್‌ಗಳಲ್ಲಿ ಸುಮಾರು ಒಂದು ಲೀಟರ್ ಬರ್ಬೇಕು. ಏನೂ ಬರಲಿಲ್ಲ ಅಂದ ಮಾತ್ರಕ್ಕೆ ಪಂಪನ್ನ ಬಯ್ಯಬೇಡಿ. ಮೊದಲು ಕೂಲರ್ ಪೈಪ್ ಎಂಜಿನ್ ಇಳಿಸೋವಾಗ ಚಪ್ಪಟೆ ಆಗಿದೆಯಾ, ಜಾಯಿಂಟ್ ಅರ್ಧ ಸಿಕ್ಕಿದೆಯಾ ಅಂತ ನೋಡಿ. ಕಡೇ ತೀರ್ಪು ಪ್ರೆಶರ್ ಗೇಜಿನದು. ಬಾಕ್ಸ್ ಮೇಲೆ ಅದಕ್ಕಂತಲೇ ಒಂದು ಪ್ಲಗ್ ಇರುತ್ತೆ.

ಇದೇ ಜಾಗದಲ್ಲಿ ಇನ್ನೊಂದು: ಕದಲದ ಗಾಡಿಯನ್ನ ಡ್ರೈವ್ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೀಬೇಡಿ. ಎಂಜಿನ್ ನಿಂತಿದೆ, ಪಂಪ್ ನಿಂತಿದೆ, ಒಳಗಿನ ಗೇರ್‌ಗಳು ಮಾತ್ರ ಆಯಿಲಿಲ್ಲದೆ ತಿರುಗ್ತಾ ಇರ್ತವೆ.

ಆಯಿಲ್ ಮಟ್ಟ

ಇದು ಚಿಕ್ಕ ವಿಷಯ, ಆದ್ರೆ ತಪ್ಪುವುದು ಹೆಚ್ಚು. ಕನ್ವರ್ಟರ್ ಹೊರಗೆ ಬಂದಿದ್ರೆ ಅದರೊಳಗಿನ ಕೆಲವು ಲೀಟರ್ ಆಯಿಲ್ ಚೆಲ್ಲಿ ಹೋಗಿರುತ್ತೆ. ಎಂಜಿನ್ ಆಫ್ ಇಟ್ಟು ಮಟ್ಟ ನೋಡಿ "ಫುಲ್ ಇದೆ" ಅಂದ್ರೆ ಸ್ಟಾರ್ಟ್ ಆದ ಕ್ಷಣ ಪಂಪ್ ಗಾಳಿ ಎಳೆಯುತ್ತೆ. ಹೆಚ್ಚಿನ ಗಾಡಿಗಳಲ್ಲಿ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ, 'ಪಿ'ಯಲ್ಲಿ ಇಟ್ಟು ನೋಡ್ಬೇಕು. ಹೋಂಡಾದ ಬಹಳಷ್ಟು ಮಾಡೆಲ್‌ಗಳಲ್ಲಿ ಮಾತ್ರ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿದ ಒಂದೆರಡು ನಿಮಿಷದೊಳಗೆ ನೋಡೋ ಪದ್ಧತಿ. ಮ್ಯಾನ್ಯುವಲ್ ಹೇಳಿದ ಆಯಿಲನ್ನೇ ಹಾಕಿ. "ಎಲ್ಲಾ ಕೆಂಪು ಆಯಿಲ್ ಒಂದೇ" ಅನ್ನೋ ಅಂಗಡಿಯವರ ಮಾತು ನಂಬಬೇಡಿ.

ಬಾಕ್ಸ್‌ಗೆ ಎಂಜಿನ್ನಿನ ಲೋಡ್ ಹೇಗೆ ಗೊತ್ತಾಗುತ್ತೆ?

ಗಾಡಿ ಹೋಗುತ್ತೆ, ಗೇರೂ ಬದಲಾಗುತ್ತೆ, ಆದ್ರೆ ತೀರಾ ಬೇಗ ಇಲ್ಲಾ ತೀರಾ ತಡವಾಗಿ. ಅಥವಾ ಹೊಡೆದ ಹಾಗೆ ಬೀಳುತ್ತೆ. ಆಗ ಈ ಪ್ರಶ್ನೆ ಕೇಳ್ಕೊಳ್ಬೇಕು. ಡ್ರೈವರ್ ಎಷ್ಟು ಪೆಡಲ್ ಒತ್ತಿದ್ದಾನೆ ಅಂತ ಬಾಕ್ಸ್‌ಗೆ ತಿಳಿದ್ರೆ ಮಾತ್ರ ಅದು ಕ್ಲಚ್ಚುಗಳಿಗೆ ಎಷ್ಟು ಪ್ರೆಶರ್ ಕೊಡ್ಬೇಕು ಅಂತ ನಿರ್ಧಾರ ಮಾಡೋಕೆ ಸಾಧ್ಯ.

ಹಳೇ ಗಾಡಿಗಳಲ್ಲಿ ಈ ಸುದ್ದಿ ಮುಟ್ಟಿಸೋಕೆ ಎರಡು ದಾರಿ ಇತ್ತು. ಜನರಲ್ ಮೋಟಾರ್ಸ್‌ನ ಟಿಎಚ್350 ಥರದ ಬಾಕ್ಸ್‌ನಲ್ಲಿ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿಂದ ಒಂದು ವ್ಯಾಕ್ಯೂಮ್ ಹೋಸ್ ಬಂದು ಮಾಡ್ಯುಲೇಟರಿಗೆ ಸೇರುತ್ತೆ. ಎಂಜಿನ್ ಬದಲಾಯಿಸಿದವರು ಆ ಹೋಸ್ ಹಾಕೋದು ಮರೆತ್ರೆ ವ್ಯಾಕ್ಯೂಮ್ ಇಲ್ಲ, ಬಾಕ್ಸ್ "ಫುಲ್ ಲೋಡ್ ಇದೆ" ಅಂದ್ಕೊಳ್ಳುತ್ತೆ. ಗೇರ್ ತಡವಾಗಿ, ಒರಟಾಗಿ ಬೀಳುತ್ತೆ. ಗಂಟೆಗಟ್ಟಲೆ ತಲೆ ಕೆಡಿಸ್ಕೊಂಡ ದೋಷಕ್ಕೆ ಒಂದು ಗೇಣುದ್ದ ರಬ್ಬರ್ ಪೈಪು ಪರಿಹಾರ! ಹೋಸ್ ಒಳಗೆ ಕೆಂಪು ಆಯಿಲ್ ಕಂಡ್ರೆ ಮಾಡ್ಯುಲೇಟರ್ ಡಯಾಫ್ರಾಂ ಹರಿದಿದೆ. ಎಂಜಿನ್ ಆ ಆಯಿಲನ್ನ ಹೀರಿ ಸುಟ್ಟು ಬಿಳಿ ಹೊಗೆ ಬಿಡುತ್ತೆ, ನಾವು ಹೊಸ ಎಂಜಿನ್ನಿನ ಪಿಸ್ಟನ್ ರಿಂಗನ್ನ ಅನುಮಾನಿಸ್ತೀವಿ.

ಎರಡನೇ ದಾರಿ ಕೇಬಲ್. 1982ರಲ್ಲಿ ಬಂದ 700ಆರ್4 ಬಾಕ್ಸ್‌ನ ಥ್ರಾಟಲ್ ವಾಲ್ವ್ ಕೇಬಲ್ ಇದಕ್ಕೆ ಒಳ್ಳೇ ಪಾಠ. ಟೊಯೊಟಾದ ಹಲವು ಹಳೇ ಬಾಕ್ಸ್‌ಗಳಲ್ಲೂ ಇಂಥದ್ದೇ ಕೇಬಲ್ ಇದೆ. ನೋಡೋಕೆ ಕಿಕ್‌ಡೌನ್ ಕೇಬಲ್ ಥರ ಇರುತ್ತೆ, ಹಾಗಾಗಿ "ಆಮೇಲೆ ಅಡ್ಜಸ್ಟ್ ಮಾಡಿದ್ರಾಯ್ತು" ಅಂತ ಬಿಡ್ತಾರೆ. 700ಆರ್4ನಲ್ಲಿ ಅದು ಕಿಕ್‌ಡೌನಿಗೆ ಮಾತ್ರ ಅಲ್ಲ, ಲೈನ್ ಪ್ರೆಶರನ್ನೇ ಅದು ಆಳುತ್ತೆ. ಸಡಿಲ ಇದ್ರೆ ಗೇರ್ ಬೇಗ ಬೇಗ, ಬಹಳ ಮೆತ್ತಗೆ ಬೀಳುತ್ತೆ. ಓಡಿಸೋರು "ಆಹಾ, ಬೆಣ್ಣೆ ಥರ ಇದೆ" ಅಂತಾರೆ. ಒಳಗೆ ಕ್ಲಚ್ ಸುಡ್ತಾ ಇರುತ್ತೆ.

ಯಾಕೆ ಸುಡುತ್ತೆ? ಒಂದು ಕಾಲ್ಪನಿಕ ಕ್ಲಚ್ ಪ್ಯಾಕ್ ತಗೊಳ್ಳಿ. ಪಿಸ್ಟನ್ ವಿಸ್ತೀರ್ಣ 100 ಚದರ ಸೆಂ.ಮೀ., ಉಜ್ಜೋ ಮುಖಗಳು 10, ಸರಾಸರಿ ತ್ರಿಜ್ಯ 6 ಸೆಂ.ಮೀ., ಘರ್ಷಣಾಂಕ 0.12. ರಿಟರ್ನ್ ಸ್ಪ್ರಿಂಗನ್ನ ಸದ್ಯಕ್ಕೆ ಮರೆಯೋಣ. 4 ಬಾರ್ ಪ್ರೆಶರಿನಲ್ಲಿ ಪಿಸ್ಟನ್ ಬಲ 4,000 ನ್ಯೂಟನ್. ಕ್ಲಚ್ ತಡೆಯಬಲ್ಲ ಟಾರ್ಕ್ = 0.12 × 4,000 × 0.06 × 10 = 288 ನ್ಯೂಟನ್-ಮೀಟರ್. ಪ್ರೆಶರ್ 8 ಬಾರ್ ಆದ್ರೆ 576. ಈಗ ಎಂಜಿನ್ 250 ನ್ಯೂಟನ್-ಮೀಟರ್ ಕೊಡುತ್ತೆ, ಹೊರಡೋವಾಗ ಕನ್ವರ್ಟರ್ ಅದನ್ನ ಎರಡರಷ್ಟು ಮಾಡುತ್ತೆ ಅಂದ್ರೆ 500 ಬಂತು. 8 ಬಾರ್‌ನಲ್ಲಿ ಕ್ಲಚ್ ಹಿಡಿಯುತ್ತೆ, 4 ಬಾರ್‌ನಲ್ಲಿ ಜಾರುತ್ತೆ. 288ರ ಟಾರ್ಕಿನಲ್ಲಿ 500 ಆರ್‌ಪಿಎಂ ಜಾರಿದ್ರೆ ಹುಟ್ಟೋ ಶಾಖ 288 × 52.4, ಅಂದ್ರೆ ಹತ್ತಿರತ್ತಿರ 15 ಕಿಲೋವ್ಯಾಟ್. 2 ಕಿಲೋವ್ಯಾಟಿನ ಏಳು ಗೀಸರ್‌ಗಳನ್ನ ಊಟದ ತಟ್ಟೆಗಿಂತ ಚಿಕ್ಕ ಜಾಗದಲ್ಲಿ ಹಚ್ಚಿಟ್ಟ ಹಾಗೆ. ಹಳೇದಕ್ಕಿಂತ ಶಕ್ತಿಶಾಲಿ ಎಂಜಿನ್ ಹಾಕಿಸಿದವರಿಗೂ ಇದೇ ಲೆಕ್ಕ ಅನ್ವಯಿಸುತ್ತೆ.

ಸರಿ ಮಾಡೋದು ಕಷ್ಟ ಏನಲ್ಲ. ಎಂಜಿನ್ ಆಫ್ ಇರ್ಬೇಕು. ಕೇಬಲ್ ತುದಿಯ ಅಡ್ಜಸ್ಟರಿನ ಗುಂಡಿ ಒತ್ತಿ, ಜಾರುವ ಭಾಗವನ್ನ ಥ್ರಾಟಲ್ ಲಿವರಿಂದ ದೂರಕ್ಕೆ ಪೂರ್ತಿ ತಳ್ಳಿ, ಗುಂಡಿ ಬಿಟ್ಟು, ಥ್ರಾಟಲ್ ಲಿವರನ್ನ ಪೂರ್ತಿ ತೆರೀಬೇಕು. ಕಟಕಟ ಅಂತ ತಾನೇ ತನ್ನ ಜಾಗ ಹಿಡಿಯುತ್ತೆ. ಆದ್ರೆ ಹೊಸ ಎಂಜಿನ್ ಜೊತೆ ಬೇರೆ ಕಾರ್ಬ್ಯುರೇಟರ್ ಬಂದಿದ್ರೆ ಇಷ್ಟು ಸಾಲದು. ಲಿವರ್ ಮೇಲೆ ಕೇಬಲ್ ಸಿಗೋ ಬಿಂದುವಿನ ತ್ರಿಜ್ಯ ಬದಲಾದ್ರೆ ಎರಡೂ ತುದಿ ಸರಿಯಿದ್ದು ನಡುವಿನ ಪ್ರೆಶರ್ ಎಲ್ಲಾ ತಪ್ಪಾಗಿರುತ್ತೆ. ಬ್ರ್ಯಾಕೆಟ್ ಬದಲಾಯಿಸಿ, ಗೇಜ್ ಹಾಕಿ ನೋಡದೆ ರಸ್ತೆಗಿಳಿಸ್ಬಾರದು.

ಮೂರನೇ ಗೇರ್‌ನಲ್ಲಿ ಸಿಕ್ಕಿಬಿದ್ದ ಗಾಡಿ

ಈಗಿನ ಗಾಡಿಗಳಲ್ಲಿ ಆ ಸುದ್ದಿಯೆಲ್ಲಾ ವೈರಿನಲ್ಲಿ ಹೋಗುತ್ತೆ. ಎಂಜಿನ್ ಕಂಪ್ಯೂಟರ್ ಲೋಡನ್ನೂ ಆರ್‌ಪಿಎಂನ್ನೂ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಹೇಳುತ್ತೆ, ಅದು ಸೊಲೆನಾಯ್ಡ್‌ಗಳನ್ನ ನಡೆಸುತ್ತೆ. ಸಂದೇಶ ತಪ್ಪಿದ್ರೆ, ಇಲ್ಲಾ ನಂಬೋ ಹಾಗಿಲ್ಲದಿದ್ರೆ, ಅದು ಸೊಲೆನಾಯ್ಡ್‌ಗಳ ಕರೆಂಟ್ ಕಡಿದುಬಿಡುತ್ತೆ. ಆಗ ವಾಲ್ವ್ ಬಾಡಿ ಬರೀ ಆಯಿಲ್ ಪ್ರೆಶರಿನ ಮೇಲೆ ಒಂದು ಗೊತ್ತಾದ ಗೇರಿನಲ್ಲಿ ನಿಲ್ಲುತ್ತೆ. ಹಲವು ಬಾಕ್ಸ್‌ಗಳಲ್ಲಿ ಅದು ಮೂರನೆಯದು. ಇದೇ ಲಿಂಪ್ ಮೋಡ್. ಮನೆವರೆಗೆ ಕುಂಟುತ್ತಾ ಹೋಗಲಿ ಅಂತ ಮಾಡಿದ ಏರ್ಪಾಡು.

ಇಲ್ಲೊಂದು ಸೂಕ್ಷ್ಮ ಇದೆ. ಸುಟ್ಟ ಕ್ಲಚ್ ಜಾರುತ್ತೆ. ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ಲಿಂಪ್ ಮೋಡಿನ ಗಾಡಿ ಹೊರಡೋಕೆ ಮಾತ್ರ ಒದ್ದಾಡುತ್ತೆ, ವೇಗ ಹಿಡಿದ ಮೇಲೆ ಒಂದೇ ಗೇರಿನಲ್ಲಿ ಗಟ್ಟಿಯಾಗಿ ಓಡುತ್ತೆ, ರಿವರ್ಸ್ ಸರಿಯಿರುತ್ತೆ. ಒಂದು ಗೇರನ್ನ ಗಟ್ಟಿಯಾಗಿ ಹಿಡಿದಿರೋ ಬಾಕ್ಸ್‌ಗೆ ಬೇಕಾಗಿರೋದು ಮಲ್ಟಿಮೀಟರ್, ಓವರ್‌ಹಾಲ್ ಅಲ್ಲ.

ಸ್ಕ್ಯಾನರ್ ಹಾಕಿದ್ರೆ ಪಿ0700 ಬಂತು ಅಂತ ಗಾಬರಿ ಬೀಳೋರು ಬಹಳ ಜನ. ಆ ಕೋಡಿನ ಅರ್ಥ "ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ದಾಖಲಾಗಿದೆ, ಅಲ್ಲಿ ಹೋಗಿ ಕೇಳಿ" ಅಂತ ಅಷ್ಟೇ. ಅಗ್ಗದ ಸ್ಕ್ಯಾನರ್ ಎಂಜಿನ್ ಕಂಪ್ಯೂಟರನ್ನ ಮಾತ್ರ ಓದುತ್ತೆ. ಗೇರ್‌ಬಾಕ್ಸ್ ಮಾಡ್ಯೂಲ್ ಓದೋ ಸ್ಕ್ಯಾನರ್ ಬೇಕು. ಅಲ್ಲಿ ಪಿ0725 ಇದ್ರೆ ಎಂಜಿನ್ ಆರ್‌ಪಿಎಂ ಸಿಗ್ತಿಲ್ಲ. ಪಿ0715 ಇದ್ರೆ ಟರ್ಬೈನ್ ವೇಗದ ಸೆನ್ಸರ್ ಸರ್ಕ್ಯೂಟು, ಪಿ0720 ಇದ್ರೆ ಔಟ್‌ಪುಟ್ ವೇಗದ್ದು, ಪಿ0705 ಇದ್ರೆ ಲಿವರ್ ಎಲ್ಲಿದೆ ಅಂತ ಹೇಳೋ ಸ್ವಿಚ್ಚು. ಯು0101 ಬಂದ್ರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಜೊತೆ ಮಾತೇ ನಿಂತಿದೆ. ಎಂಜಿನ್ ಇಳಿಸಿ ಏರಿಸಿದ ಗಾಡಿಯಲ್ಲಿ ಇವೆಲ್ಲಕ್ಕೂ ಮೊದಲ ಕಾರಣ ಕನೆಕ್ಟರ್ರು. ಹಾಕದೇ ಬಿಟ್ಟದ್ದು, ಪಿನ್ ಬಗ್ಗಿದ್ದು, ಬೆಲ್ ಹೌಸಿಂಗ್ ಮತ್ತು ಬ್ಲಾಕಿನ ನಡುವೆ ವೈರ್ ಸಿಕ್ಕಿ ಜಜ್ಜಿದ್ದು. ಈ ಕಡೇದನ್ನ ಕೆಳಗಿಂದ ಟಾರ್ಚ್ ಬಿಟ್ಟು ಕೂಡುಗೆರೆಯುದ್ದಕ್ಕೂ ಹುಡುಕ್ಬೇಕು.

ಇನ್ನೊಂದು ಅರ್ತ್. ಎಂಜಿನ್ನಿಂದ ಚಾಸಿಗೆ ಹೋಗೋ ದಪ್ಪ ಪಟ್ಟಿಯನ್ನ ಬಿಚ್ಚಿದವರು ವಾಪಸ್ ಹಾಕದಿದ್ರೂ ಗಾಡಿ ಸ್ಟಾರ್ಟ್ ಆಗಬಹುದು, ಕರೆಂಟು ಬೇರೆ ಸಣ್ಣ ದಾರಿ ಹುಡುಕ್ಕೊಳ್ಳುತ್ತೆ. ಸೆನ್ಸರ್ ಸಿಗ್ನಲ್‌ಗಳು ಮಾತ್ರ ಹುಚ್ಚುಚ್ಚಾಗಿ ಆಡ್ತವೆ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೀರಿ. 0.2 ವೋಲ್ಟ್ ಆಸುಪಾಸು ಇದ್ರೆ ಚಿಂತೆಯಿಲ್ಲ, ಅರ್ಧ ವೋಲ್ಟ್ ದಾಟಿದ್ರೆ ಅರ್ತ್ ಸರಿಯಿಲ್ಲ.

ಫ್ಲೆಕ್ಸ್‌ಪ್ಲೇಟೂ ಕೆಲವೊಮ್ಮೆ ಸೆನ್ಸರಿನ ಭಾಗ. ಜೀಪ್‌ನ 4.0 ಲೀಟರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಸೆನ್ಸರ್ ಬೆಲ್ ಹೌಸಿಂಗ್ ಮೇಲೆ ಕೂತು ಫ್ಲೆಕ್ಸ್‌ಪ್ಲೇಟಿನ ಕಚ್ಚುಗಳನ್ನ ಓದುತ್ತೆ. ಕಚ್ಚು ಬೇರೆ ಇರೋ ಪ್ಲೇಟ್ ಹಾಕಿದ್ರೆ ಕಂಪ್ಯೂಟರಿಗೆ ಸುಳ್ಳು ಸುದ್ದಿ. ಶೆವ್ರೊಲೆಯ ಹಳೇ 350 ಎಂಜಿನ್ನಿನದು ಬೇರೆ ಕಥೆ: 1986ರಿಂದ ಹಿಂಬದಿಯ ಮೇನ್ ಸೀಲ್ ಒಂದೇ ತುಂಡಿನದಾಯ್ತು, ಅದರ ಜೊತೆ ಫ್ಲೆಕ್ಸ್‌ಪ್ಲೇಟಿಗೆ ಬ್ಯಾಲೆನ್ಸ್ ತೂಕ ಬಂತು, ಕ್ರ್ಯಾಂಕಿನ ಬೋಲ್ಟ್ ವೃತ್ತ 3.58 ಇಂಚಿಂದ 3 ಇಂಚಿಗೆ ಇಳೀತು. ಎಂಜಿನ್ ಬದಲಾಯಿಸಿದ ಮೇಲೆ 'ಪಿ'ಯಲ್ಲೂ ಆರ್‌ಪಿಎಂ ಜೊತೆ ಏರೋ ನಡುಕ ಇದ್ರೆ ಪ್ಲೇಟು ಆ ಎಂಜಿನ್ನಿನದೇನಾ ಅಂತ ಕೇಳಿ.

ಜಾರ್ತಿದೆಯಾ, ಇಲ್ವಾ?

ಇಷ್ಟೆಲ್ಲಾ ಸರಿಯಿದ್ದೂ ಅನುಮಾನ ಉಳಿದ್ರೆ ಅನುಪಾತ ಅಳೀರಿ. ಸ್ಕ್ಯಾನರಿನಲ್ಲಿ ಟರ್ಬೈನ್ ವೇಗವನ್ನ ಔಟ್‌ಪುಟ್ ವೇಗದಿಂದ ಭಾಗಿಸಿದ್ರೆ ಗೇರ್ ಅನುಪಾತ ಬರ್ಬೇಕು. ಎರಡನೇ ಗೇರ್ 1.63 ಇರೋ ಬಾಕ್ಸ್‌ನಲ್ಲಿ ಟರ್ಬೈನ್ 2,400 ಇದ್ರೆ ಔಟ್‌ಪುಟ್ 1,472 ಇರ್ಬೇಕು. 1,300 ತೋರಿಸಿದ್ರೆ ಅನುಪಾತ 1.85 ಆಯ್ತು, ಯಾವ ಗೇರೂ ಅಲ್ಲ ಅದು, ಎರಡನೇ ಗೇರಿನ ಕ್ಲಚ್ಚೋ ಬ್ಯಾಂಡೋ ಜಾರ್ತಿದೆ. ಆಗ ಮಾತ್ರ ಬಾಕ್ಸ್ ಬಿಚ್ಚೋ ಮಾತಿಗೆ ಅರ್ಥ ಇದೆ.

ಸ್ಟಾಲ್ ಟೆಸ್ಟ್ ಬಗ್ಗೆ ಎಚ್ಚರಿಕೆ ಇರಲಿ. ಚಕ್ರಕ್ಕೆ ಕಟ್ಟೆ ಕೊಟ್ಟು, ಎರಡೂ ಬ್ರೇಕ್ ಹಿಡಿದು, 'ಡಿ'ಯಲ್ಲಿ ಪೂರ್ತಿ ಪೆಡಲ್ ಒತ್ತಿ ಆರ್‌ಪಿಎಂ ಎಲ್ಲಿ ನಿಲ್ಲುತ್ತೆ ಅಂತ ನೋಡೋದು. ಐದು ಸೆಕೆಂಡ್ ಮೀರ್ಬಾರದು, ಎದುರಿಗೆ ಯಾರೂ ನಿಂತಿರ್ಬಾರದು, ಮ್ಯಾನ್ಯುವಲ್ ಬೇಡ ಅಂದಿರೋ ಗಾಡಿಗೆ ಮಾಡಲೇಬಾರದು. ಹೇಳಿದ್ದಕ್ಕಿಂತ ಹೆಚ್ಚು ಬಂದ್ರೆ ಬಾಕ್ಸ್ ಜಾರ್ತಿದೆ. ಕಡಿಮೆ ಬಂದ್ರೆ ಪುಸ್ತಕ "ಸ್ಟೇಟರಿನ ಒನ್‌ವೇ ಕ್ಲಚ್ ಹೋಗಿದೆ" ಅನ್ನುತ್ತೆ. ಆದ್ರೆ ನಮ್ಮ ಗಾಡಿಯಲ್ಲಿ ಬದಲಾಗಿರೋದು ಎಂಜಿನ್! ಗುಜರಿಯಿಂದ ಬಂದ ಎಂಜಿನ್ನಿನ ಕಂಪ್ರೆಷನ್ ಕಡಿಮೆ ಇದ್ರೂ ಸ್ಟಾಲ್ ಆರ್‌ಪಿಎಂ ಕಡಿಮೆನೇ ಬರುತ್ತೆ. ಮೊದಲು ಕಂಪ್ರೆಷನ್ ಗೇಜ್ ಹಾಕಿ ನೋಡಿ.

ಕೊನೆಗೆ, ಬ್ಯಾಟರಿ ಬಿಚ್ಚಿದ್ದರಿಂದ ಹಲವು ಬಾಕ್ಸ್‌ಗಳ ಕಂಪ್ಯೂಟರ್ ಕ್ಲಚ್ಚುಗಳ ಬಗ್ಗೆ ಕಲಿತದ್ದನ್ನ ಮರೆತಿರುತ್ತೆ. ಮೊದಲ ಕೆಲವು ದಿನ ಗೇರ್ ಒರಟಾಗಿ ಬೀಳಬಹುದು. ಕೆಲವಕ್ಕೆ ಸ್ಕ್ಯಾನರಿಂದ ರೀಲರ್ನ್ ಮಾಡಿಸ್ಬೇಕು, ಉಳಿದವಕ್ಕೆ ಅರ್ಧ ಪೆಡಲ್‌ಗಿಂತ ಕಮ್ಮಿಯಲ್ಲಿ ನಿಂತು ಹೊರಟು, ನಿಂತು ಹೊರಟು ಓಡಿಸಿದ್ರೆ ಸಾಕು. ಆ ಓಟ ಮುಗಿಸಿ ಬಂದು ಬಿಸಿಯಲ್ಲಿ ಇನ್ನೊಮ್ಮೆ ಆಯಿಲ್ ಮಟ್ಟ ನೋಡಿ, ಕೂಲರ್ ಜಾಯಿಂಟಿನ ಕೆಳಗೆ ಒಂದು ಹಾಳೆ ಹಾಸಿಟ್ಟು ಬೆಳಿಗ್ಗೆ ಕೆಂಪು ಹನಿ ಬಿದ್ದಿದೆಯಾ ಅಂತ ನೋಡಿ.